ಗ್ವಾಟೆಮಾಲಾದ ಖಾನಾವಳಿಯಲ್ಲಿ ಗೋವಿನಜೋಳದ ಊಟ

ಗೋವಿನಜೋಳ ನಮ್ಮ ರೈತ ಬಾಂಧವರಿಗೆ ಇಂದು ಹೊಸ ಬೆಳೆಯೇನೂ ಅಲ್ಲ. ಮುಂಗಾರು ಚೆನ್ನಾಗಿ ಹಿಡಿದ ವರ್ಷ ಹಾವೇರಿ, ದಾವಣಗೆರೆ ಜಿಲ್ಲೆಗಳಲ್ಲಿ ಕಣ್ಣು ಹಾಯಿಸಿದಷ್ಟು ದೂರವೂ ಅದೇ ಬೆಳೆ ಕಾಣುತ್ತದೆ. ಆದರೆ ಬೆಳೆದವರ ಮನೆಯ ಗಂಗಾಳದಲ್ಲಿ ಅದು ಕಾಣುವುದು ಅಪರೂಪ. ಕಾಳು ಕಣದಿಂದ ನೇರವಾಗಿ ಮಾರುಕಟ್ಟೆ ಪ್ರಾಂಗಣಕ್ಕೂ ಅಲ್ಲಿಂದ ಕೋಳಿ ಆಹಾರದ ಮತ್ತು ಪಿಷ್ಟದ ಕಾರ್ಖಾನೆಗಳಿಗೂ ಸಾಗಿಹೋಗುತ್ತದೆ. ಇದೇ ಕಾಳನ್ನು ದಿನದ ಮೂರು ಹೊತ್ತೂ ಉಣ್ಣುವ ಜನರ ನಾಡಿಗೆ 2023ರ ಆಗಸ್ಟ್ ತಿಂಗಳಲ್ಲಿ ಹೋಗುವ ಅವಕಾಶ ನನಗೆ ಒದಗಿತು. ಅಲ್ಲಿನ ಪ್ರಯೋಗ ತಾಕುಗಳಲ್ಲಿ ಕಂಡದ್ದನ್ನು ಬೇರೊಂದು ಸಂದರ್ಭದಲ್ಲಿ ಬರೆಯಬಹುದು. ಒಂದು ಸಣ್ಣ ಖಾನಾವಳಿಯಲ್ಲಿ ಉಂಡ ಮಧ್ಯಾಹ್ನದ ಊಟದ ವಿಷಯವನ್ನು ಮಾತ್ರ ಇಲ್ಲಿ ಹೇಳಬಯಸುತ್ತೇನೆ. ಆ ಒಂದು ಊಟದಲ್ಲಿ ಬೇಸಾಯಗಾರನು ತಿಳಿಯಬೇಕಾದ ಸಂಗತಿಗಳು ಹಲವಿದ್ದವು.

ನಾಡು ಮತ್ತು ನೆಲ

ಗ್ವಾಟೆಮಾಲಾ ಮಧ್ಯ ಅಮೆರಿಕದ ದೇಶ. ಮೆಕ್ಸಿಕೋದ ದಕ್ಷಿಣಕ್ಕಿದೆ. ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕದ ಅರ್ಧಕ್ಕಿಂತ ತುಸು ಹೆಚ್ಚು. ಸ್ಪ್ಯಾನಿಷ್ ಆಡಳಿತ ಭಾಷೆಯಾದರೂ ಮಾಯಾ ಕುಲದ 22 ಭಾಷೆಗಳು ಅಲ್ಲಿ ಬಳಕೆಯಲ್ಲಿವೆ. ನಾನು ಹೋಗಿದ್ದ ಚಿಮಾಲ್ತೆನಾಂಗೊ ಪಟ್ಟಣ ಸಮುದ್ರ ಮಟ್ಟದಿಂದ ಸುಮಾರು 1800 ಮೀಟರ್ ಎತ್ತರದಲ್ಲಿದೆ. ಸುತ್ತಲಿನ ಹಳ್ಳಿಗರು ಕಾಕ್ಚಿಕೆಲ್ ಎಂಬ ಮಾಯಾ ಭಾಷೆಯನ್ನಾಡುವವರು. ಜ್ವಾಲಾಮುಖಿಯ ಬೂದಿಯಿಂದಾದ ಕಪ್ಪು ಮಣ್ಣು ಸಡಿಲವಾಗಿದ್ದು ನೀರನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ ರಂಜಕವನ್ನು ಬಿಗಿಯಾಗಿ ಕಟ್ಟಿಹಾಕಿಕೊಳ್ಳುವುದು ಇಂತಹ ಮಣ್ಣಿನ ದೋಷ. ಆಗಸ್ಟ್ ತಿಂಗಳಾದ್ದರಿಂದ ಇಳಿಜಾರಿನ ಹೊಲಗಳಲ್ಲಿ ಗೋವಿನಜೋಳ ಸೂಲಂಗಿ ಹೊರಟು ನಿಂತಿತ್ತು. ದಂಟುಗಳಿಗೆ ಅವರೆಯ ಜಾತಿಯ ಬಳ್ಳಿಗಳು ಹಬ್ಬಿದ್ದವು. ಕೆಳಗೆ ಕುಂಬಳದ ಎಲೆಗಳು ನೆಲವನ್ನು ಮುಚ್ಚಿದ್ದವು.

ಖಾನಾವಳಿಯ ಒಳಗೆ

ಅಲ್ಲಿ ಇಂತಹ ಊಟದ ಮನೆಗೆ ‘ಕೊಮೆದೋರ್’ ಎನ್ನುತ್ತಾರೆ. ನಮ್ಮ ಕಡೆಯ ಖಾನಾವಳಿ ಎಂದರೆ ಸರಿಯಾದೀತು. ಬಸ್ ನಿಲ್ದಾಣದ ಬದಿಗೆ, ಸಂತೆಯ ಬಾಯಿಗೆ ಇತ್ತು. ಅಮೆರಿಕದ ಶಾಲೆಗಳಲ್ಲಿ ಓಡಿ ಹಳತಾದ ಬಸ್ಸುಗಳನ್ನು ಕೊಂಡು ತಂದು ಕೆಂಪು, ಹಸಿರು, ಹಳದಿ ಬಣ್ಣ ಬಳಿದು ಅಲ್ಲಿ ಓಡಿಸುತ್ತಾರೆ. ಅವು ಹೊರಗೆ ಸಾಲಾಗಿ ನಿಂತಿದ್ದವು. ಒಳಗೆ ಆರು ಮೇಜು, ಮೇಲೆ ಹೂವಿನ ಚಿತ್ತಾರದ ಪ್ಲಾಸ್ಟಿಕ್ ಹಾಸು. ಗೋಡೆಯ ಹಲಗೆಯ ಮೇಲೆ ಅಂದಿನ ಅಡುಗೆಯನ್ನು ಸುಣ್ಣದ ಕಡ್ಡಿಯಿಂದ ಬರೆದಿತ್ತು. ಊಟಕ್ಕೆ 30 ಕ್ವೆಟ್ಸಾಲ್, ಎಂದರೆ ನಮ್ಮ 330 ರೂಪಾಯಿಯ ಆಸುಪಾಸು. ಸಂತೆಗೆ ತರಕಾರಿ ತಂದ ರೈತರು, ಬಸ್ಸಿನ ಚಾಲಕರು, ಇಬ್ಬರು ಶಾಲಾ ಮಾಸ್ತರರು ಅಲ್ಲಿ ಕುಳಿತು ಉಣ್ಣುತ್ತಿದ್ದರು. ಒಳಗೆ ಬರುವವನು ಗುರುತಿರಲಿ ಬಿಡಲಿ, ಉಣ್ಣುತ್ತಿರುವವರಿಗೆಲ್ಲ ‘ಊಟ ಚೆನ್ನಾಗಿ ಒಗ್ಗಲಿ’ ಎಂಬರ್ಥದ ಮಾತು ಹೇಳಿಯೇ ಕೂರುವುದು ಅಲ್ಲಿನ ಪದ್ಧತಿ. ಆ ಪದ್ಧತಿ ನನಗೆ ಬಹಳ ಹಿಡಿಸಿತು.

ಮೊದಲು ಕಿವಿಗೆ ಬಿದ್ದದ್ದು ಸಪ್ಪಳ. ನಮ್ಮ ಊರಿನ ಮನೆಗಳಲ್ಲಿ ಬೆಳಗಿನ ಹೊತ್ತು ರೊಟ್ಟಿ ಬಡಿಯುವ ಸಪ್ಪಳವೇ ಅದು. ಬಾಗಿಲ ಬಳಿ ಇಬ್ಬರು ಹೆಂಗಸರು ದೊಡ್ಡ ಹಂಚಿನ ಮುಂದೆ ನಿಂತು, ಹಿಟ್ಟಿನ ಉಂಡೆಯನ್ನು ಎರಡೂ ಅಂಗೈಗಳ ನಡುವೆ ತಟ್ಟಿ ಹಂಚಿಗೆ ಹಾಕುತ್ತಿದ್ದರು. ಇದೇ ‘ತೋರ್ತಿಯಾ’. ಅಂಗೈಯಗಲದ, ತುಸು ದಪ್ಪನೆಯ ಗೋವಿನಜೋಳದ ರೊಟ್ಟಿ. ಕೊಣಮಿಗೆಯಿಲ್ಲ, ಲಟ್ಟಣಿಗೆಯಿಲ್ಲ, ಒಣಹಿಟ್ಟಿನ ಧೂಳಿಯೂ ಇಲ್ಲ. ಒಂದು ರೊಟ್ಟಿಯೂ ಅಂಚಿನಲ್ಲಿ ಸೀಳುತ್ತಿರಲಿಲ್ಲ. ನಮ್ಮಲ್ಲಿ ಗೋವಿನಜೋಳದ ಹಿಟ್ಟಿನ ರೊಟ್ಟಿ ಮಾಡಿ ನೋಡಿದ ತಾಯಂದಿರಿಗೆ ಅದು ಹೇಗೆ ಸೀಳುತ್ತದೆ ಎಂಬುದು ಗೊತ್ತು. ಹೀಗಾಗಿ ಈ ಹಿಟ್ಟು ಏಕೆ ಸೀಳಲಿಲ್ಲ ಎಂಬ ಪ್ರಶ್ನೆ ಊಟಕ್ಕೆ ಮೊದಲೇ ನನ್ನಲ್ಲಿ ಹುಟ್ಟಿತು.

ತಟ್ಟೆಗೆ ಬಂದದ್ದು

ನಾನು ಸಸ್ಯಾಹಾರಿಯೆಂದು ಜೊತೆಗಿದ್ದ ಅಲ್ಲಿನ ವಿಜ್ಞಾನಿ ಮಿತ್ರರು ಯಜಮಾನಿಗೆ ತಿಳಿಸಿದರು. ಆಕೆ ಐವತ್ತು ದಾಟಿದ, ಕೈಮಗ್ಗದ ಕಸೂತಿ ರವಿಕೆ ತೊಟ್ಟ ಹೆಣ್ಣುಮಗಳು. ಎಲ್ಲರೂ ಆಕೆಯನ್ನು ‘ದೋನ್ಯಾ’ ಎಂದು ಗೌರವದಿಂದ ಕರೆಯುತ್ತಿದ್ದರು. ನಮ್ಮಲ್ಲಿ ‘ಅಮ್ಮಾರ’ ಎನ್ನುವಂತೆ.

ತಟ್ಟೆಯಲ್ಲಿ ಅರೆದು ಗಟ್ಟಿಯಾಗಿ ಬಾಡಿಸಿದ ಕರಿಯ ಹುರುಳಿಕಾಯಿ ಬೀಜ ಬಂತು. ನೋಟಕ್ಕೆ ಕಪ್ಪು ಝುಣಕದಂತಿತ್ತು. ಅದರ ಪಕ್ಕಕ್ಕೆ ಬಿಳಿಯ ಹಸಿ ಗಿಣ್ಣಿನಂತಹ ಚೀಸ್, ಅನ್ನ, ಬೇಯಿಸಿದ ಸೀಮೆಬದನೆಕಾಯಿ, ಕೆಂಡದ ಮೇಲೆ ಸುಟ್ಟ ಟೊಮೆಟೊ ಜಜ್ಜಿ ಮಾಡಿದ ಚಟ್ನಿ. ಬಟ್ಟೆಯಲ್ಲಿ ಸುತ್ತಿದ ಬಿಸಿ ರೊಟ್ಟಿಯ ಬುಟ್ಟಿ ಬೇರೆ. ರೊಟ್ಟಿ ತೀರಿದಂತೆ ಬುಟ್ಟಿ ಮತ್ತೆ ತುಂಬುತ್ತಿತ್ತು. ಮಿತ್ರರ ತಟ್ಟೆಗೆ ‘ಪೆಪಿಯಾನ್’ ಎಂಬ ಕೋಳಿಯ ಸಾರು ಬಂತು. ಅದರ ಮಂದಕ್ಕೆ ಕುಂಬಳದ ಬೀಜ ಮತ್ತು ಎಳ್ಳನ್ನು ಹುರಿದು ಅರೆದು ಹಾಕುತ್ತಾರೆ. ಒಣಮೆಣಸಿನಕಾಯಿಯನ್ನು ಕಪ್ಪಾಗುವತನಕ ಹುರಿದು ಬಣ್ಣ ಬರಿಸುತ್ತಾರೆ.

ನನ್ನ ಪಾಲಿಗೆ ಬಂದ ಸೊಪ್ಪಿನ ಸಾರನ್ನು ನೋಡಿ ನಾನು ಬೆರಗಾದೆ. ಅಲ್ಲಿ ಅದನ್ನು ‘ಮಾಕುಯ್’ ಎನ್ನುತ್ತಾರೆ. ಅದು ನಮ್ಮ ಹೊಲದ ಬದುವಿನಲ್ಲಿ ತಾನಾಗಿ ಹುಟ್ಟುವ ಗಣಿಕೆ ಸೊಪ್ಪಿನ ಜಾತಿಯದೇ. ಇನ್ನೊಂದು ಎಲೆ ‘ಚಿಪಿಲಿನ್’. ಇದನ್ನು ಗೋವಿನಜೋಳದ ಹಿಟ್ಟಿನಲ್ಲಿ ಕಲಸಿ ಸಿಪ್ಪೆಯಲ್ಲಿ ಸುತ್ತಿ ಕಡುಬಿನಂತೆ ಬೇಯಿಸುತ್ತಾರೆ. ಇದು ನಾವು ಹಸಿರೆಲೆ ಗೊಬ್ಬರಕ್ಕೆ ಬಿತ್ತುವ ಸೆಣಬಿನ ಕುಲಕ್ಕೆ ಸೇರಿದ ಸಸ್ಯ. ಆದರೆ ಜಾತಿ ಬೇರೆ. ನಮ್ಮ ಸೆಣಬಿನ ಬೀಜ ಮತ್ತು ಸೊಪ್ಪಿನಲ್ಲಿ ವಿಷಾಂಶವಿರುವುದರಿಂದ ಇದನ್ನೋದಿ ಯಾರೂ ಅದನ್ನು ತಿನ್ನಬಾರದು. ಕುಡಿಯಲು ಕೊಟ್ಟ ಕೆಂಪು ಪಾನಕ ಪುಂಡಿಯ ಕೆಂಪು ಪುಷ್ಪಕೋಶವನ್ನು ಒಣಗಿಸಿ ಕುದಿಸಿದ್ದು. ಪುಂಡಿಪಲ್ಯ ಉಂಡು ಬೆಳೆದ ನನಗೆ ಆ ಹುಳಿ ಹೊಸದೆನಿಸಲಿಲ್ಲ. ಸೀಮೆಬದನೆಯಂತೂ ಅಲ್ಲಿನದೇ ಬಳ್ಳಿ. ಮಧ್ಯ ಅಮೆರಿಕ ಮತ್ತು ಮೆಕ್ಸಿಕೋದಿಂದಲೇ ಅದು ಲೋಕಕ್ಕೆಲ್ಲ ಹರಡಿತು.

ನಾಡಿನಿಂದ ನಾಡಿಗೆ ಬೆಳೆಗಳು ಹೋದಂತೆ ಪೀಡೆಗಳೂ ಹೋಗುತ್ತವೆ. ಗೋವಿನಜೋಳದ ಸುಳಿಯನ್ನು ಕೊರೆಯುವ ಫಾಲ್ ಸೈನಿಕ ಹುಳು ಅಮೆರಿಕ ಖಂಡದ ಮೂಲದ್ದು. 2016ರಲ್ಲಿ ಆಫ್ರಿಕಾದಲ್ಲಿ, 2018ರಲ್ಲಿ ಭಾರತದಲ್ಲಿಯೇ ಮೊಟ್ಟಮೊದಲಿಗೆ ನಮ್ಮ ಶಿವಮೊಗ್ಗ ಭಾಗದಲ್ಲಿ ಕಂಡುಬಂತು. ಇಲ್ಲಿಂದ ಅಲ್ಲಿಗೆ ಹೋದದ್ದು ಏಲಕ್ಕಿ. ಪಶ್ಚಿಮ ಘಟ್ಟದ ಮೂಲದ ಈ ಗಿಡವನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜರ್ಮನ್ ತೋಟಗಾರರೊಬ್ಬರು ಅಲ್ಲಿನ ಆಲ್ತಾ ವೆರಾಪಾಸ್ ಪ್ರಾಂತಕ್ಕೆ ಒಯ್ದರು. ಇಂದು ಲೋಕದಲ್ಲೇ ಹೆಚ್ಚು ಏಲಕ್ಕಿ ರಫ್ತು ಮಾಡುವ ದೇಶ ಗ್ವಾಟೆಮಾಲಾ. ಅಡುಗೆಗೆ ಏಲಕ್ಕಿ ಹಾಕುವಿರಾ ಎಂದು ಯಜಮಾನಿಯನ್ನು ಕೇಳಿದರೆ, ‘ಅದು ಅರಬರಿಗೆ ಹೋಗುವ ಮಾಲು, ನಾವು ತಿನ್ನುವುದಿಲ್ಲ’ ಎಂದರು. ಊಟದ ಕೊನೆಗೆ ಕೊಟ್ಟ ಕಾಫಿಯೂ ತೆಳ್ಳಗಿತ್ತು. ಒಳ್ಳೆಯ ಕಾಫಿ ಬೀಜ ಹಡಗು ಹತ್ತುತ್ತದೆ.

ಸುಣ್ಣದ ಮಹತ್ವ

ಊಟವಾದ ಮೇಲೆ ರೊಟ್ಟಿ ಏಕೆ ಸೀಳುವುದಿಲ್ಲವೆಂದು ಕೇಳಿದೆ. ಯಜಮಾನಿ ನನ್ನನ್ನು ಹಿತ್ತಲಿಗೆ ಕರೆದೊಯ್ದು ದೊಡ್ಡ ಪಾತ್ರೆಯೊಂದರ ಮುಚ್ಚಳ ತೆಗೆದು ತೋರಿಸಿದರು. ಬಿಳಿಯ ಗೋವಿನಜೋಳದ ಕಾಳು ಸುಣ್ಣದ ನೀರಿನಲ್ಲಿ ನೆನೆದಿತ್ತು. ಬೆರಳಿನಿಂದ ಉಜ್ಜಿದರೆ ಸಿಪ್ಪೆ ಜಾರಿ ಬರುತ್ತಿತ್ತು. ಹಿಂದಿನ ಸಂಜೆ ಸುಣ್ಣ ಹಾಕಿ ಕುದಿಸಿ, ರಾತ್ರಿಯಿಡೀ ಹಾಗೆಯೇ ಬಿಟ್ಟು, ಬೆಳಿಗ್ಗೆ ಮೂರು ಸಲ ತೊಳೆದು, ಓಣಿಯ ಗಿರಣಿಯಲ್ಲಿ ಹಸಿಯಾಗಿ ಬೀಸಿಸಿ ತರುತ್ತಾರೆ. ಹೀಗೆ ಸಂಸ್ಕರಿಸಿದ ಕಾಳಿಗೆ ‘ನಿಶ್ತಮಾಲ್’ ಎಂದು ಹೆಸರು. ಬೂದಿ ಮತ್ತು ಹಿಟ್ಟು ಎಂಬರ್ಥದ ಎರಡು ಹಳೆಯ ಶಬ್ದಗಳು ಸೇರಿ ಆದ ಮಾತು ಇದು. ಸುಣ್ಣವಿಲ್ಲದೆಡೆ ಬೂದಿಯ ತಿಳಿನೀರನ್ನು ಬಳಸುತ್ತಿದ್ದರು. ಈ ಪದ್ಧತಿಗೆ 3000 ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ.

ಸುಣ್ಣದ ಕ್ಷಾರಗುಣದಿಂದ ಕಾಳಿನ ಸಿಪ್ಪೆ ಕರಗಿ ಸಡಿಲವಾಗುತ್ತದೆ. ಪಿಷ್ಟದ ಒಂದು ಭಾಗ ಅಂಟಾಗುತ್ತದೆ. ಹಿಟ್ಟು ಒಂದಕ್ಕೊಂದು ಹಿಡಿದುಕೊಳ್ಳುವುದು ಈ ಕಾರಣದಿಂದ. ಕಾಳು ಸುಣ್ಣವನ್ನು ಹೀರಿಕೊಳ್ಳುವುದರಿಂದ, ಹಾಲು ಕಡಿಮೆ ಕುಡಿಯುವ ಆ ಜನಕ್ಕೆ ಮೂಳೆಗೆ ಬೇಕಾದ ಸುಣ್ಣದಂಶದ ದೊಡ್ಡ ಪಾಲು ರೊಟ್ಟಿಯಿಂದಲೇ ದೊರೆಯುತ್ತದೆ. ಇವೆಲ್ಲಕ್ಕಿಂತ ಮುಖ್ಯವಾದದ್ದು ಮತ್ತೊಂದಿದೆ. ಗೋವಿನಜೋಳದಲ್ಲಿರುವ ನಯಾಸಿನ್ ಎಂಬ ‘ಬಿ’ ಗುಂಪಿನ ಅನ್ನಾಂಗದ ಬಹುಭಾಗ ಬಿಗಿಯಾಗಿ ಬಂಧಿತವಾಗಿದ್ದು ನಮ್ಮ ಕರುಳಿಗೆ ದಕ್ಕುವುದಿಲ್ಲ. ಸುಣ್ಣದಲ್ಲಿ ಕುದಿಸಿದಾಗ ಅದು ಬಿಡುಗಡೆ ಹೊಂದುತ್ತದೆ.

ಯೂರೋಪಿನವರು ಗೋವಿನಜೋಳದ ಬೀಜವನ್ನು ಒಯ್ದರು. ಸುಣ್ಣದ ಪದ್ಧತಿಯನ್ನು ಒಯ್ಯಲಿಲ್ಲ. ಇದರ ಫಲವನ್ನು ಅಲ್ಲಿನ ಬಡವರು ಉಂಡರು. ಬಿಸಿಲು ಬಿದ್ದ ಚರ್ಮ ಕಪ್ಪಾಗಿ ಸುಲಿಯುವುದು, ಭೇದಿ, ಕೊನೆಗೆ ಬುದ್ಧಿಭ್ರಮಣೆ, ಇವು ಪೆಲಾಗ್ರ ಎಂಬ ರೋಗದ ಲಕ್ಷಣಗಳು. 1735ರಲ್ಲಿ ಸ್ಪೇನಿನ ವೈದ್ಯ ಗಾಸ್ಪಾರ್ ಕಸಾಲ್ ಇದನ್ನು ಗುರುತಿಸಿದನು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಸಾವಿರಾರು ಜನ ಇದಕ್ಕೆ ಬಲಿಯಾದರು. ಇದು ಅಂಟುರೋಗವಲ್ಲ, ಆಹಾರದ ಕೊರತೆ ಎಂದು ವೈದ್ಯ ಜೋಸೆಫ್ ಗೋಲ್ಡ್‌ಬರ್ಗರ್ ತೋರಿಸಿಕೊಟ್ಟರು. 1937ರಲ್ಲಿ ನಯಾಸಿನ್ ಅದರ ಮದ್ದೆಂದು ಸಿದ್ಧವಾಯಿತು. ಸುಣ್ಣ ಹಾಕಿ ಉಣ್ಣುವ ಮಾಯಾ ಜನರಲ್ಲಿ ಈ ರೋಗ ಹೀಗೆ ಹಬ್ಬಲಿಲ್ಲ. ನಮ್ಮ ದಖ್ಖನ್ ಪ್ರದೇಶದ ಜೋಳ ಉಣ್ಣುವ ಬಡಕುಟುಂಬಗಳಲ್ಲಿಯೂ ಪೆಲಾಗ್ರ ಇದ್ದುದನ್ನು 1960ರಲ್ಲಿ ಹೈದರಾಬಾದಿನ ಗೋಪಾಲನ್ ಮತ್ತು ಶ್ರೀಕಂಠಯ್ಯ ಎಂಬ ವಿಜ್ಞಾನಿಗಳು ವರದಿ ಮಾಡಿದ್ದರು ಎಂಬುದನ್ನು ಇಲ್ಲಿ ನೆನೆಯಬೇಕು. ಒಂದೇ ಧಾನ್ಯವನ್ನು ನೆಚ್ಚಿ, ಜೊತೆಗೆ ಬೇಳೆ, ಸೊಪ್ಪು, ಹಾಲು ಇಲ್ಲದಿದ್ದರೆ ಎಲ್ಲಿಯಾದರೂ ಕೇಡು ತಪ್ಪದು.

ಯಜಮಾನಿಯ ಪ್ರಶ್ನೆ

ನಾನು ಇಷ್ಟೆಲ್ಲ ಕೇಳುವುದನ್ನು ಕಂಡು ಯಜಮಾನಿಯೂ ನನ್ನನ್ನೊಂದು ಮಾತು ಕೇಳಿದರು. ‘ನಿಮ್ಮ ನಾಡಿನಲ್ಲೂ ಗೋವಿನಜೋಳ ಬೆಳೆಯುತ್ತಾರಂತಲ್ಲ?’

‘ಬಹಳ ಬೆಳೆಯುತ್ತಾರೆ ತಾಯಿ. ನಮ್ಮ ತಂದೆಯವರೂ ಬೆಳೆದವರೇ’ ಎಂದೆ.

‘ಹಾಗಾದರೆ ನಿಮ್ಮ ಮನೆಯಲ್ಲಿ ಅದನ್ನು ಹೇಗೆ ಮಾಡುತ್ತೀರಿ?’

ಮಾರುತ್ತೇವೆ, ಕೋಳಿಗೆ ಹಾಕುತ್ತಾರೆ ಎಂದು ಹೇಳಬೇಕಾಯಿತು. ಮಿತ್ರರು ಅದನ್ನು ಅವರ ಭಾಷೆಯಲ್ಲಿ ತಿಳಿಸಿದಾಗ ರೊಟ್ಟಿ ಬಡಿಯುತ್ತಿದ್ದ ಹೆಂಗಸರ ಕೈ ಒಂದು ಕ್ಷಣ ನಿಂತಿತು. ಆಮೇಲೆ ನಕ್ಕರು. ಯಜಮಾನಿ ನಗಲಿಲ್ಲ. ‘ಮತ್ತೆ ನೀವು ಏನು ಉಣ್ಣುತ್ತೀರಿ?’ ಎಂದರು. ಮಾಯಾ ಜನರ ಹಳೆಯ ಗ್ರಂಥ ‘ಪೊಪೋಲ್ ವೂಹ್’ ಹೇಳುವ ಪ್ರಕಾರ ದೇವತೆಗಳು ಮನುಷ್ಯನನ್ನು ಮೊದಲು ಮಣ್ಣಿನಿಂದ, ಆಮೇಲೆ ಕಟ್ಟಿಗೆಯಿಂದ ಮಾಡಿ ಸೋತು, ಕೊನೆಗೆ ಗೋವಿನಜೋಳದ ಹಿಟ್ಟಿನಿಂದ ಮಾಡಿ ಗೆದ್ದರು. ಅಂತಹ ನಂಬಿಕೆಯ ಜನರಿಗೆ ನನ್ನ ಉತ್ತರ ವಿಚಿತ್ರವಾಗಿ ಕೇಳಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ನನ್ನ ಬಾಲ್ಯದಲ್ಲಿ ರಾಣೆಬೆನ್ನೂರಿನ ಕಡೆಯ ನಮ್ಮ ಹೊಲದಲ್ಲಿ ಬಿಳಿಜೋಳ, ತೊಗರಿ, ಹೆಸರು, ಅಕ್ಕಡಿಯಲ್ಲಿ ಅಲಸಂದಿ ಇರುತ್ತಿದ್ದವು. ವರ್ಷಗಳು ಕಳೆದಂತೆ ಹೊಲವೆಲ್ಲ ಗೋವಿನಜೋಳವಾಯಿತು. ಇಳುವರಿ ಹೆಚ್ಚಿತು. ಸಾಲ ತೀರಿತು. ನನ್ನ ಓದಿಗೆ ಹಣ ಬಂದದ್ದೂ ಅದರಿಂದಲೇ. ಆದರೆ ತಾಯಿಯವರು ಬೇಳೆಯನ್ನೂ ಅಂಗಡಿಯಿಂದ ತರಿಸಬೇಕಾಯಿತು. ದರ ಬಿದ್ದ ವರ್ಷ ಅದನ್ನೂ ಅಳೆದು ಹಾಕುತ್ತಿದ್ದರು. ಕೃಷಿ ವಿಜ್ಞಾನಿಯಾಗಿ ನಾನು ಎಷ್ಟೋ ಊರುಗಳಲ್ಲಿ ಹೈಬ್ರಿಡ್ ಬೀಜ, ಗೊಬ್ಬರದ ಪ್ರಮಾಣ, ಸಾಲಿನ ಅಂತರ ಹೇಳಿಕೊಟ್ಟಿದ್ದೇನೆ. ಹೊಲದ ಬೆಳೆಯಿಂದ ಮನೆಯ ಊಟಕ್ಕೆ ಏನು ಬಂತು ಎಂದು ಕೇಳಿದ್ದು ಕಡಿಮೆ.

ತುಂಬಿದ ತಟ್ಟೆ, ಬೆಳೆಯದ ಮಕ್ಕಳು

ಅಲ್ಲಿನ ಹೊಲದ ಪದ್ಧತಿಗೆ ‘ಮಿಲ್ಪಾ’ ಎಂದು ಹೆಸರು. ನಮ್ಮ ಅಕ್ಕಡಿ ಬೇಸಾಯದ ಬಂಧುವೇ ಅದು. ದ್ವಿದಳ ಬಳ್ಳಿಯ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿಯುತ್ತವೆ. ಬಳ್ಳಿಗೆ ದಂಟೇ ಆಸರೆ. ಕುಂಬಳದ ಎಲೆ ಕಳೆಯನ್ನೂ ತೇವದ ನಷ್ಟವನ್ನೂ ತಡೆಯುತ್ತದೆ. ಊಟದಲ್ಲಿಯೂ ಇದೇ ಹೊಂದಾಣಿಕೆ. ಗೋವಿನಜೋಳದ ಸಸಾರಜನಕದಲ್ಲಿ ಲೈಸಿನ್ ಕಡಿಮೆ. ಹುರುಳಿಕಾಯಿ ಬೀಜದಲ್ಲಿ ಅದು ಹೆಚ್ಚು. ಎರಡನ್ನೂ ಕೂಡಿ ಉಂಡರೆ ಒಂದರ ಕೊರತೆಯನ್ನು ಮತ್ತೊಂದು ನೀಗುತ್ತದೆ.

ಹೀಗಿದ್ದೂ ಒಂದು ಕಹಿ ಸತ್ಯವನ್ನು ಮರೆಮಾಚಬಾರದು. 2014-15ರ ಅಲ್ಲಿನ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 46.5ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಮಾಯಾ ಜನರಿರುವ ಗುಡ್ಡಗಾಡಿನಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. ಇದರ ಕಾರಣವನ್ನು ಯಜಮಾನಿಯೇ ಹೇಳಿದರು. ಅವರ ತವರು ಗುಡ್ಡದ ಮೇಲಿನ ಹಳ್ಳಿ. ಹೊಲ ಚಿಕ್ಕದು. ಹಿಂದಿನ ವರ್ಷದ ಕಾಳು ಮುಗಿದು ಹೊಸ ತೆನೆ ಬಲಿಯುವ ಮೊದಲಿನ ತಿಂಗಳುಗಳಲ್ಲಿ ರೊಟ್ಟಿ ಮತ್ತು ಉಪ್ಪು, ಇದ್ದರೆ ಒಂದು ಮೆಣಸಿನಕಾಯಿ. ‘ಬೀನ್ಸ್ ಬೆಳೆಯುತ್ತಿದ್ದೆವು, ಆದರೆ ಎಣ್ಣೆ, ಸಾಬೂನು ಕೊಳ್ಳಲು ಅದನ್ನು ಮಾರಲೇಬೇಕಿತ್ತು’ ಎಂದರು. ಅವರಿಗೆ ಹೊಟ್ಟೆ ತುಂಬಿಸುವ ರೊಟ್ಟಿ ಇತ್ತು, ಅದರ ಜೊತೆಯದು ಇರಲಿಲ್ಲ. ಒಳ್ಳೆಯ ನೆಲವೆಲ್ಲ ಕೆಲವೇ ದೊಡ್ಡ ಹಿಡುವಳಿಗಳಲ್ಲಿ ಸೇರಿರುವುದು, 1960ರಿಂದ 1996ರವರೆಗೆ ನಡೆದ ಅಂತರ್ಯುದ್ಧ, ಕುಡಿಯುವ ನೀರಿನ ಮಾಲಿನ್ಯ, ಮಳೆಯ ಏರುಪೇರು ಇವೂ ಕಾರಣಗಳೇ.

ಈ ಕೊರತೆಯನ್ನು ನೀಗಲು ಅಲ್ಲಿನ ವಿಜ್ಞಾನಿಗಳು ಸುಮ್ಮನೆ ಕುಳಿತಿಲ್ಲ. 1949ರಲ್ಲಿ ಗ್ವಾಟೆಮಾಲಾ ನಗರದಲ್ಲಿ ಸ್ಥಾಪನೆಯಾದ ಮಧ್ಯ ಅಮೆರಿಕ ಪೋಷಣಾ ಸಂಸ್ಥೆಯು ಗೋವಿನಜೋಳದ ಹಿಟ್ಟಿಗೆ ಹತ್ತಿಬೀಜದ ಹಿಟ್ಟನ್ನು ಬೆರೆಸಿ ‘ಇಂಕಾಪರಿನಾ’ ಎಂಬ ಅಗ್ಗದ ಪೌಷ್ಟಿಕ ಹಿಟ್ಟನ್ನು 1950ರ ದಶಕದಲ್ಲಿ ರೂಪಿಸಿತು. ನೆವಿನ್ ಸ್ಕ್ರಿಮ್ಷಾ ಮತ್ತು ರಿಕಾರ್ಡೊ ಬ್ರೆಸ್ಸಾನಿ ಇದರ ಹಿಂದಿನ ಪ್ರಮುಖರು. ಅದರ ಗಂಜಿಯನ್ನು ಇಂದಿಗೂ ಅಲ್ಲಿ ಕುಡಿಯುತ್ತಾರೆ.

ಮನೆಯಲ್ಲಿ ಮಾಡಿ ನೋಡುವ ವಿಧಾನ

ಆಸಕ್ತಿಯುಳ್ಳವರು ಈ ರೊಟ್ಟಿಯನ್ನು ನಮ್ಮಲ್ಲಿಯೂ ಮಾಡಿ ನೋಡಬಹುದು.

1. ಬೂಸ್ಟು ಹಿಡಿಯದ, ಚೆನ್ನಾಗಿ ಒಣಗಿದ ಕಾಳು 1 ಕಿಲೋ ತೆಗೆದುಕೊಳ್ಳಿರಿ. ಔಷಧಿ ಲೇಪಿಸಿದ ಬಿತ್ತನೆ ಬೀಜವನ್ನು ಎಂದಿಗೂ ಬಳಸಬಾರದು.

2. ಎಲೆ ಅಡಿಕೆಗೆ ಬಳಸುವಂತಹ ಶುದ್ಧವಾದ ಅರಳಿದ ಸುಣ್ಣದ ಪುಡಿ 10 ಗ್ರಾಂ ಸಾಕು. ಗೋಡೆಗೆ ಬಳಿಯುವ ಸುಣ್ಣ ಬೇಡ. ಸುಡದಂತೆ ಎಚ್ಚರವಿರಲಿ. ಕಣ್ಣಿಗೆ ಸಿಡಿಯಬಾರದು.

3. 3 ಲೀಟರ್ ನೀರಿನಲ್ಲಿ ಸುಣ್ಣ ಕದಡಿ, ಕಾಳು ಹಾಕಿ 30ರಿಂದ 45 ನಿಮಿಷ ಕುದಿಸಿರಿ. ಸ್ಟೀಲ್ ಅಥವಾ ಮಣ್ಣಿನ ಪಾತ್ರೆ ಇರಲಿ. ಅಲ್ಯೂಮಿನಿಯಂ ಪಾತ್ರೆಯನ್ನು ಸುಣ್ಣ ತಿನ್ನುತ್ತದೆ.

4. ಮುಚ್ಚಿ ರಾತ್ರಿಯಿಡೀ ಬಿಡಿರಿ. ಬೆಳಿಗ್ಗೆ ನೀರು ಬಸಿದು, ಕೈಯಿಂದ ಉಜ್ಜುತ್ತ ಮೂರು ಸಲ ತೊಳೆಯಿರಿ. ಈ ನೀರನ್ನು ಗಿಡದ ಬುಡಕ್ಕೆ ಹಾಕಬೇಡಿರಿ.

5. ಒರಳಿನಲ್ಲಿ ಅಥವಾ ಗ್ರೈಂಡರಿನಲ್ಲಿ ಆದಷ್ಟು ಕಡಿಮೆ ನೀರು ಹಾಕಿ ಗಟ್ಟಿಯಾಗಿ ಅರೆದು, ಚಿಕ್ಕ ರೊಟ್ಟಿ ತಟ್ಟಿ ಕಾದ ಹಂಚಿನ ಮೇಲೆ ಬೇಯಿಸಿರಿ. ಕಾಳಿನ ಪಲ್ಯ, ಸೊಪ್ಪಿನ ಸಾರು ಜೊತೆಗಿರಲಿ.

ಬಿಳಿಜೋಳ, ರಾಗಿ ಬಿಟ್ಟು ಇದನ್ನೇ ಉಣ್ಣಿರೆಂದು ನಾನು ಹೇಳುತ್ತಿಲ್ಲ. ರಾಗಿಯಲ್ಲಿ ಸುಣ್ಣದಂಶ ಸಹಜವಾಗಿಯೇ ಹೇರಳವಾಗಿದೆ. ನಮ್ಮ ಧಾನ್ಯಗಳು ನಮಗೆ ಸಾಕು. ಗೋವಿನಜೋಳವನ್ನು ಮಾರಾಟದ ಬೆಳೆಯಾಗಿ ಬೆಳೆಯುವುದರಲ್ಲಿ ತಪ್ಪೂ ಇಲ್ಲ. ನನ್ನ ಬಿನ್ನಹ ಇಷ್ಟೇ: ಮುಂದಿನ ಮುಂಗಾರಿಗೆ ಬೀಜ ತರುವಾಗ ತೊಗರಿ, ಅಲಸಂದಿ, ಹೆಸರು ಇವುಗಳಲ್ಲೊಂದನ್ನು ಸಾಲು ಬಿಟ್ಟು ಹಾಕಲು ತನ್ನಿರಿ. ಮನೆಯ ಬಳಕೆಗೆಂದು ನಾಲ್ಕು ಗುಂಟೆಯನ್ನಾದರೂ ಮೀಸಲಿಡಿರಿ. ಬಂದ ಬೇಳೆಯಲ್ಲಿ ಮನೆಯ ಮಕ್ಕಳ ಪಾಲನ್ನು ಎತ್ತಿಟ್ಟ ಮೇಲೆ ಉಳಿದದ್ದನ್ನು ಮಾರಾಟಕ್ಕೆ ಕಳುಹಿಸಿರಿ.

ಹೊರಡುವಾಗ ಯಜಮಾನಿ ನಾಲ್ಕು ರೊಟ್ಟಿಗಳನ್ನು ಬಟ್ಟೆಯ ತುಂಡಿನಲ್ಲಿ ಕಟ್ಟಿಕೊಟ್ಟರು. ಅದಕ್ಕೆ ಹಣ ತೆಗೆದುಕೊಳ್ಳಲಿಲ್ಲ. ‘ನಿಮ್ಮ ತಾಯಿಗೆ ಹೇಗೆ ಮಾಡುವುದೆಂದು ಹೇಳಿರಿ’ ಎಂದರು. ಊರಿಗೆ ಬಂದ ಮೇಲೆ ಹೇಳಿದೆ. ತಾಯಿಯವರು ಮಾಡಿದ ಮೊದಲ ರೊಟ್ಟಿ ದಪ್ಪವಾಯಿತು. ಎರಡನೆಯದು ಸರಿಯಾಯಿತು. ತಂದೆಯವರು ಹೆಸರುಕಾಳಿನ ಪಲ್ಯದೊಡನೆ ಎರಡು ರೊಟ್ಟಿ ಉಂಡು, ‘ಇಷ್ಟು ವರ್ಷ ಬೆಳೆದು ಮಾರಿದೆ, ರುಚಿ ನೋಡಿರಲಿಲ್ಲ’ ಎಂದರು. ಆ ವರ್ಷದ ಮಳೆ ನಮಗೆ ಕೈಕೊಟ್ಟಿತ್ತು. ಮರುವರ್ಷ ನಮ್ಮ ಹೊಲದಲ್ಲಿ ಗೋವಿನಜೋಳದ ನಡುವೆ ತೊಗರಿಯ ಸಾಲುಗಳು ಮತ್ತೆ ಬಂದವು.